ಪದರಗಳ ದಣಿವು: ಗ್ಲಾಸ್ ಫೈಬರ್ ಲ್ಯಾಮಿನೇಟ್‌ಗೆ ಫಟೀಗ್ ಟೆಸ್ಟ್ ಮಾಡುವುದು ಹೇಗೆ

ದಾವಣಗೆರೆ ಕಡೆಯಿಂದ ಬೆಂಗಳೂರಿಗೆ ಬರುವಾಗ ಚಿತ್ರದುರ್ಗದ ಬೆಟ್ಟಗಳ ಮೇಲೆ ಸಾಲುಸಾಲು ಗಾಳಿಯಂತ್ರಗಳು ಕಾಣುತ್ತವೆ. ಅದರ ರೆಕ್ಕೆ ಒಂದು ಸುತ್ತು ತಿರುಗುವಷ್ಟರಲ್ಲಿ ತನ್ನ ಭಾರಕ್ಕೇ ಒಮ್ಮೆ ಈ ಕಡೆ, ಒಮ್ಮೆ ಆ ಕಡೆ ಬಾಗುತ್ತದೆ. ನಿಮಿಷಕ್ಕೆ 15 ಸುತ್ತು ಅಂತ ಇಟ್ಟುಕೊಳ್ಳಿ. 20 ವರ್ಷ ನಿಲ್ಲದೆ ತಿರುಗಿದರೆ 15 ಕೋಟಿಗೂ ಜಾಸ್ತಿ ಸಲ ಬಾಗಿರುತ್ತದೆ. ಒಂದೊಂದು ಸಲದ ಬಾಗು ಚಿಕ್ಕದು, ರೆಕ್ಕೆಯ ಶಕ್ತಿಗೆ ಲೆಕ್ಕಕ್ಕೇ ಇಲ್ಲ. ಆದರೂ ಒಳಗೆ ಏನೋ ಸವೆಯುತ್ತಿರುತ್ತದೆ. ಇದಕ್ಕೇ ಫಟೀಗ್ ಅನ್ನುವುದು, ಅಂದರೆ ದಣಿವು.

ಕಬ್ಬಿಣ, ಅಲ್ಯೂಮಿನಿಯಂ ದಣಿದಾಗ ಸಾಮಾನ್ಯವಾಗಿ ಒಂದು ಬಿರುಕು ಹುಟ್ಟುತ್ತದೆ, ಬೆಳೆಯುತ್ತದೆ, ಕೊನೆಗೆ ಮುರಿಯುತ್ತದೆ. ಫೈಬರ್ ಮತ್ತು ಅಂಟು ಸೇರಿಸಿ ಪದರ ಪದರವಾಗಿ ಮಾಡಿದ ಕಾಂಪೋಸಿಟ್‌ನ, ಅಂದರೆ ಲ್ಯಾಮಿನೇಟ್‌ನ, ಕತೆ ಬೇರೆ. ಅದರಲ್ಲಿ ನೂರಾರು ಸಣ್ಣ ಬಿರುಕುಗಳು ಮೊದಲ ಕೆಲವು ಸೈಕಲ್‌ನಲ್ಲೇ (ಲೋಡ್ ಒಮ್ಮೆ ಏರಿ ಇಳಿದರೆ ಒಂದು ಸೈಕಲ್) ಹುಟ್ಟಬಹುದು. ಆದರೂ ತುಂಡು ಇನ್ನೂ ಲಕ್ಷ ಸೈಕಲ್ ತಡೆಯುತ್ತದೆ. ಹಾಗಾಗಿ ಎಷ್ಟು ಸೈಕಲ್‌ಗೆ ಮುರಿಯಿತು ಅಂತ ಬರೆದಿಟ್ಟರೆ ಅರ್ಧ ಕೆಲಸ ಮಾತ್ರ ಆದಂತೆ. ಮುರಿಯುವ ಮೊದಲು ಒಳಗೆ ಏನೇನಾಯಿತು, ಯಾವಾಗ ಆಯಿತು ಅನ್ನುವುದನ್ನೂ ಹಿಡಿಯಬೇಕು. ಎಂ.ಟೆಕ್ ಪ್ರಾಜೆಕ್ಟ್ ಮಾಡುವವರಿಗೆ, ಲ್ಯಾಬ್‌ಗೆ ಹೊಸದಾಗಿ ಸೇರಿದವರಿಗೆ ನೆರವಾಗಲಿ ಅಂತ ಆ ಪೂರ್ತಿ ದಾರಿಯನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು, ಒಳಗೆ ಏನಾಗುತ್ತದೆ ಅಂತ ತಿಳಿಯಿರಿ

ಬಿದಿರನ್ನು ನೆನಪಿಸಿಕೊಳ್ಳಿ. ಉದ್ದಕ್ಕೆ ಎಳೆದರೆ ಜಗ್ಗುವುದಿಲ್ಲ. ಅಡ್ಡಕ್ಕೆ ಬಿಡಿಸಿದರೆ ಸಲೀಸಾಗಿ ಸೀಳುತ್ತದೆ. ಒಂದೇ ದಿಕ್ಕಿನಲ್ಲಿ ಫೈಬರ್ ಇರುವ ಪದರವೂ ಹಾಗೇ. ಎಳೆಯುವ ದಿಕ್ಕಿನಲ್ಲೇ ಫೈಬರ್ ಇದ್ದರೆ ಅದು 0 ಡಿಗ್ರಿ ಪದರ, ಅಡ್ಡ ಇದ್ದರೆ 90 ಡಿಗ್ರಿ ಪದರ. ಎರಡನ್ನೂ ಸೇರಿಸಿದ ಲ್ಯಾಮಿನೇಟ್ ಎಳೆದಾಗ ಮೊದಲು ಸೀಳುವುದು 90 ಡಿಗ್ರಿ ಪದರ. ಅಲ್ಲಿ ಭಾರ ಹೊರುವುದು ಫೈಬರ್ ನಡುವಿನ ರೆಸಿನ್, ಅಂದರೆ ಅಂಟು.

ಸಣ್ಣ ಲೆಕ್ಕ ಹಾಕೋಣ. ಗ್ಲಾಸ್ ಮತ್ತು ಎಪಾಕ್ಸಿ (ಒಂದು ಬಗೆಯ ರೆಸಿನ್), ಗಾತ್ರದಲ್ಲಿ ಅರ್ಧಕ್ಕರ್ಧ ಪ್ರಮಾಣ. ಫೈಬರ್ ಉದ್ದಕ್ಕೆ ಸ್ಟಿಫ್‌ನೆಸ್ (ಜಗ್ಗದೆ ತಡೆಯುವ ಬಿಗಿತ) ಸುಮಾರು 38 ಗಿಗಾಪಾಸ್ಕಲ್, ಅಡ್ಡಕ್ಕೆ ಸುಮಾರು 10. ಎರಡೂ ಪದರ ಸಮವಾಗಿದ್ದರೆ ಒಟ್ಟು ಸುಮಾರು 24. ಅಡ್ಡ ಪದರ ಶೇ 0.4ರ ಆಸುಪಾಸಿನ ಸ್ಟ್ರೈನ್‌ಗೆ (ಉದ್ದದಲ್ಲಿ ಎಷ್ಟು ಪಾಲು ಹಿಗ್ಗಿತು ಅನ್ನುವ ಅಳತೆ) ಬಿರಿಯುತ್ತದೆ ಅಂತಿಟ್ಟುಕೊಂಡರೆ, ಆಗ ಲ್ಯಾಮಿನೇಟ್ ಮೇಲಿರುವ ಸ್ಟ್ರೆಸ್ (ಅಡ್ಡಕೊಯ್ತದ ವಿಸ್ತೀರ್ಣಕ್ಕೆ ಬೀಳುವ ಲೋಡ್) 96 ಮೆಗಾಪಾಸ್ಕಲ್. ಲ್ಯಾಮಿನೇಟ್ ಮುರಿಯುವುದು 400ಕ್ಕೆ ಆಗಿದ್ದರೆ, ಕಾಲು ಭಾಗದ ಲೋಡ್‌ಗೇ ಒಳಗೆ ಬಿರುಕು ಶುರು!

ಆಮೇಲೆ ಬಿರುಕುಗಳು ಹೆಚ್ಚುತ್ತಾ ಹೋಗಿ ಒಂದು ಹಂತದಲ್ಲಿ ನಿಲ್ಲುತ್ತವೆ. ಎರಡು ಬಿರುಕಿನ ನಡುವಿನ ಅಂತರ ಪದರದ ದಪ್ಪದ ಹತ್ತಿರಕ್ಕೆ ಬಂದಾಗ, ನಡುವೆ ಇನ್ನೊಂದು ಬಿರುಕು ಹುಟ್ಟುವಷ್ಟು ಸ್ಟ್ರೆಸ್ ಅಲ್ಲಿ ಸೇರುವುದಿಲ್ಲ. ಅಮೆರಿಕದ ವರ್ಜೀನಿಯಾ ಟೆಕ್‌ನಲ್ಲಿ ಕೆನೆತ್ ರೈಫ್‌ಸ್ನೈಡರ್ ಮತ್ತು ಜೊತೆಗಾರರು ಇದಕ್ಕೆ ಕ್ಯಾರೆಕ್ಟರಿಸ್ಟಿಕ್ ಡ್ಯಾಮೇಜ್ ಸ್ಟೇಟ್ ಅಂತ ಹೆಸರಿಟ್ಟರು. ಅದಾದ ಮೇಲೆ ಬಿರುಕಿನ ತುದಿಗಳಿಂದ, ಅಂಚುಗಳಿಂದ ಪದರಗಳು ಬಿಡಲು ತೊಡಗುತ್ತವೆ. ಚಿರೋಟಿಯ ಪದರ ಬಿಟ್ಟುಕೊಳ್ಳುತ್ತಲ್ಲ, ಹಾಗೆ. ಇದು ಡಿಲ್ಯಾಮಿನೇಷನ್. ಅಂಚಿನಿಂದಲೇ ಯಾಕೆ? ಅಕ್ಕಪಕ್ಕದ ಪದರಗಳು ಬೇರೆ ಬೇರೆ ಅಳತೆಯಲ್ಲಿ ಕುಗ್ಗಲು ಹೋಗುತ್ತವೆ, ಅಂಟು ಬಿಡುವುದಿಲ್ಲ. ಈ ಜಗ್ಗಾಟ ಅಂಚಿನಲ್ಲಿ ಜಾಸ್ತಿ ಅನ್ನುವುದನ್ನು ಸಂಶೋಧಕರಾದ ಪೈಪ್ಸ್ ಮತ್ತು ಪಗಾನೊ 1970ರಲ್ಲಿ ಲೆಕ್ಕ ಹಾಕಿ ತೋರಿಸಿದರು. ಕೊನೆಯಲ್ಲಿ 0 ಡಿಗ್ರಿ ಪದರದ ಫೈಬರ್‌ಗಳು ಒಂದೊಂದಾಗಿ ಕಡಿದು, ತುಂಡು ಒಮ್ಮೆಲೇ ಹೋಗುತ್ತದೆ.

ಈ ಮೂರು ಹಂತ ತಲೆಯಲ್ಲಿರಲಿ. ಮುಂದೆ ನೀವು ನೋಡುವ ಪ್ರತಿಯೊಂದು ಗ್ರಾಫ್ ಇದನ್ನೇ ಹೇಳುತ್ತದೆ.

ಹೆಜ್ಜೆ 1: ಪ್ಲೇಟ್ ಮಾಡುವುದು

ಮೊದಲ ಸಲ ಮಾಡುವವರಿಗೆ ನನ್ನ ಸಲಹೆ ಗ್ಲಾಸ್ ಫೈಬರ್. ಕಾರ್ಬನ್ ಬೇಡ. ಬೆಲೆ ಒಂದು ಕಾರಣ. ಅದಕ್ಕಿಂತ ದೊಡ್ಡ ಕಾರಣ, ಗ್ಲಾಸ್ ಲ್ಯಾಮಿನೇಟ್‌ನಲ್ಲಿ ಬೆಳಕು ಹಾಯುತ್ತದೆ. ಒಳಗಿನ ಬಿರುಕು ಬರಿಗಣ್ಣಿಗೇ ಕಾಣುತ್ತದೆ.

ನಮ್ಮ ಕಾಲೇಜುಗಳಲ್ಲಿ ಹೆಚ್ಚಾಗಿ ಬಳಸುವುದು ಎಲ್‌ವೈ 556 ಎಪಾಕ್ಸಿ, ಎಚ್‌ವೈ 951 ಹಾರ್ಡನರ್. ತೂಕದಲ್ಲಿ 100ಕ್ಕೆ 10. ಕಣ್ಣಳತೆ ಬೇಡ, ತಕ್ಕಡಿ ಇಡಿ. ಒಮ್ಮೆಗೇ ಜಾಸ್ತಿ ಕಲಸಬೇಡಿ, ಬಿಸಿ ಏರಿ ಮಗ್‌ನಲ್ಲೇ ಗಟ್ಟಿಯಾಗುತ್ತದೆ. ಕೈಗೆ ಗ್ಲೌಸ್ ಕಡ್ಡಾಯ. ಹಾರ್ಡನರ್ ಒಮ್ಮೆ ಚರ್ಮಕ್ಕೆ ಅಲರ್ಜಿ ತಂದರೆ ಅದು ಮತ್ತೆ ಮತ್ತೆ ಕಾಡುತ್ತದೆ.

ಚದರ ಮೀಟರ್‌ಗೆ 400 ಗ್ರಾಂ ತೂಗುವ ಒಂದೇ ದಿಕ್ಕಿನ ಗ್ಲಾಸ್ ಬಟ್ಟೆ ತೆಗೆದುಕೊಳ್ಳಿ. ಎಂಟು ಪದರ, ಈ ಕ್ರಮದಲ್ಲಿ: 0, 90, 0, 90, 90, 0, 90, 0. ನಡುವಿನ ಗೆರೆಯಿಂದ ಮೇಲೂ ಕೆಳಗೂ ಒಂದೇ ಥರ ಇರಬೇಕು. ಇಲ್ಲದಿದ್ದರೆ ಗಟ್ಟಿಯಾದ ಮೇಲೆ ಪ್ಲೇಟ್ ಸೊಟ್ಟಗಾಗುತ್ತದೆ. ಒಂದು ಪದರ ಸುಮಾರು 0.31 ಮಿ.ಮೀ. ಬರುತ್ತದೆ, ಒಟ್ಟು 2.5 ಮಿ.ಮೀ. ನಡುವೆ ಎರಡು 90 ಡಿಗ್ರಿ ಪದರ ಒಟ್ಟಿಗೆ ಬಂದಿವೆ ನೋಡಿ. ದಪ್ಪ ಜಾಸ್ತಿ ಇದ್ದಲ್ಲಿ ಬಿರುಕು ಬೇಗ ಹುಟ್ಟುತ್ತದೆ. ಹಾಗಾಗಿ ಟೆಸ್ಟ್‌ನಲ್ಲಿ ಮೊದಲು ಬಿರಿಯುವುದು ಅದೇ.

ವ್ಯಾಕ್ಯೂಮ್ ಬ್ಯಾಗ್ ಹಾಕಿ, ಅಂದರೆ ಮೇಲೆ ಪ್ಲಾಸ್ಟಿಕ್ ಹೊದಿಸಿ ಒಳಗಿನ ಗಾಳಿ ಹೀರಿಸಿ. ಸುಮ್ನೆ ರೋಲರ್ ಉಜ್ಜಿ ಬಿಟ್ಟರೆ ಗಾಳಿಗುಳ್ಳೆ ಉಳಿಯುತ್ತವೆ, ಬಿರುಕುಗಳು ಅಲ್ಲಿಂದಲೇ ಹೊರಡುತ್ತವೆ. ಆಗ ನೀವು ಅಳೆಯುವುದು ನಿಮ್ಮ ಕೈಕೆಲಸವನ್ನು, ಮೆಟೀರಿಯಲ್ಲನ್ನಲ್ಲ. ಗಟ್ಟಿಯಾದ ಮೇಲೆ ಒಂದು ಚೂರನ್ನು 565 ಡಿಗ್ರಿ ಫರ್ನೇಸ್‌ನಲ್ಲಿ ಸುಟ್ಟು, ಉಳಿದ ಗ್ಲಾಸ್ ತೂಗಿ ಫೈಬರ್ ಪ್ರಮಾಣ ಕಂಡುಹಿಡಿಯಿರಿ. ಈ ಒಂದು ಸಂಖ್ಯೆ ಇಲ್ಲದಿದ್ದರೆ ನಿಮ್ಮ ಫಲಿತಾಂಶವನ್ನು ಬೇರೆಯವರದರ ಪಕ್ಕ ಇಡುವಂತಿಲ್ಲ.

ಹೆಜ್ಜೆ 2: ಕತ್ತರಿಸುವುದು, ಟ್ಯಾಬ್ ಅಂಟಿಸುವುದು

ಅಳತೆ 250 ಮಿ.ಮೀ. ಉದ್ದ, 25 ಮಿ.ಮೀ. ಅಗಲ. ಎಳೆತದ ಟೆಸ್ಟ್‌ಗೆ ಇರುವ ಅಮೆರಿಕದ ಮಾನದಂಡ ಎಎಸ್‌ಟಿಎಂ ಡಿ3039 ಇಂಥ ಲ್ಯಾಮಿನೇಟ್‌ಗೆ ಹೇಳುವ ಅಳತೆ ಇದೇ. ಫಟೀಗ್‌ಗೆ ಇರುವ ಡಿ3479 ಕೂಡ ಅದನ್ನೇ ಆಧರಿಸುತ್ತದೆ. ಒಟ್ಟು 22 ಸ್ಯಾಂಪಲ್ ಬೇಕು: 5 ಸಾದಾ ಎಳೆತಕ್ಕೆ, 12 ಫಟೀಗ್‌ಗೆ, 3 ನಡುವೆ ನಿಲ್ಲಿಸಿ ನೋಡುವುದಕ್ಕೆ, 2 ಕೈಯಲ್ಲಿರಲಿ. ಅಂಚಿನ 25 ಮಿ.ಮೀ. ಬಿಸಾಡುವುದನ್ನೂ ಸೇರಿಸಿದರೆ 300 × 650 ಮಿ.ಮೀ. ಪ್ಲೇಟ್ ಸಾಕು.

ಡೈಮಂಡ್ ಬ್ಲೇಡ್, ನೀರು ಬಿಟ್ಟುಕೊಂಡೇ ಕತ್ತರಿಸಿ. ಒಣಗಿದ್ದಾಗ ಕತ್ತರಿಸಿದರೆ ಗ್ಲಾಸ್ ಧೂಳು ಶ್ವಾಸಕ್ಕೆ ಹೋಗುತ್ತದೆ, ಅಂಚೂ ಸುಡುತ್ತದೆ. ಆಮೇಲೆ ಅಂಚನ್ನು 400ರ ಎಮರಿ ಪೇಪರ್‌ನಿಂದ ಶುರು ಮಾಡಿ 1000, 2000ದವರೆಗೆ ಉಜ್ಜಿ. ಇದು ಬೇಜಾರಿನ ಕೆಲಸ, ಒಪ್ಪುತ್ತೇನೆ. ಆದರೆ ಬಿಟ್ಟರೆ ಬ್ಲೇಡ್ ಮಾಡಿದ ಗೀರಿಗೂ ಲೋಡ್ ಮಾಡಿದ ಬಿರುಕಿಗೂ ವ್ಯತ್ಯಾಸ ಗೊತ್ತಾಗುವುದಿಲ್ಲ.

ಎರಡೂ ತುದಿಗೆ 50 ಮಿ.ಮೀ. ಉದ್ದದ, 1.5 ಮಿ.ಮೀ. ದಪ್ಪದ ಗ್ಲಾಸ್ ಎಪಾಕ್ಸಿ ಟ್ಯಾಬ್ (ಮಷಿನ್ನಿನ ಗ್ರಿಪ್ ಹಿಡಿಯುವ ಜಾಗ ಕಾಯುವ ಪಟ್ಟಿ) ಅಂಟಿಸಿ. ನಾನು ಮೊದಲ ಸಲ ಈ ಕೆಲಸ ಮಾಡಿದಾಗ ಆರು ಸ್ಯಾಂಪಲ್ ಸಾಲಾಗಿ ಟ್ಯಾಬ್ ಅಂಚಿನಲ್ಲೇ ಮುರಿದವು. ಟ್ಯಾಬ್ ಒಳತುದಿ ಚೌಕವಾಗಿತ್ತು, ಅಂಟು ಅಂಚಿನಲ್ಲಿ ಗಡ್ಡೆ ಕಟ್ಟಿತ್ತು. ಸೈಕಲ್ ಸಂಖ್ಯೆ ಬರೆದಿಟ್ಟುಕೊಂಡಿದ್ದೆ, ಎಲ್ಲಿ ಮುರಿಯಿತು ಅಂತ ಬರೆದಿರಲಿಲ್ಲ. ಆರೂ ಫಲಿತಾಂಶ ಕೈಬಿಡಬೇಕಾಯಿತು. ಆಮೇಲೆ ಒಳತುದಿಯನ್ನು ಇಳಿಜಾರಾಗಿ ಉಜ್ಜಿ, ಅಂಟನ್ನು ತೆಳುವಾಗಿ ಹಚ್ಚಿದ ಮೇಲೆ ನಡುವೆ ಮುರಿಯಲು ಶುರುವಾದವು.

ಮಲೆನಾಡು, ಕರಾವಳಿಯ ಕಾಲೇಜುಗಳವರು ಸ್ಯಾಂಪಲ್‌ಗಳನ್ನು ಡೆಸಿಕೇಟರ್‌ನಲ್ಲಿ (ಒಳಗಿನ ಗಾಳಿ ಒಣಗಿರುವಂತೆ ಮುಚ್ಚಿಡುವ ಪಾತ್ರೆ) ಇಡಿ. ಎಪಾಕ್ಸಿ ಮಳೆಗಾಲದ ತೇವ ಕುಡಿಯುತ್ತದೆ.

ಹೆಜ್ಜೆ 3: ಸಾದಾ ಎಳೆತ

ಐದು ಸ್ಯಾಂಪಲ್ ಎಳೆದು ಮುರಿಯಿರಿ. ಸರಾಸರಿ ಶಕ್ತಿ ಮತ್ತು ಸ್ಟಿಫ್‌ನೆಸ್ ಬರೆದುಕೊಳ್ಳಿ. ಸ್ಟ್ರೆಸ್–ಸ್ಟ್ರೈನ್ ಗೆರೆ ಎಲ್ಲೋ ಒಂದು ಕಡೆ ಸಣ್ಣಗೆ ಬಾಗುತ್ತದೆ. ಅಲ್ಲಿಗೆ 90 ಡಿಗ್ರಿ ಪದರ ಬಿರಿಯಲು ಶುರು ಮಾಡಿದೆ ಅಂತ ಅರ್ಥ. ಆ ಜಾಗಕ್ಕೆ ಗುರುತು ಹಾಕಿ, ಮುಂದೆ ಬೇಕಾಗುತ್ತದೆ.

ಒಂದು ಎಚ್ಚರಿಕೆ. ಡಿ3039 ಪ್ರಕಾರ ವೇಗ ನಿಮಿಷಕ್ಕೆ 2 ಮಿ.ಮೀ. ಫಟೀಗ್‌ನಲ್ಲಿ ಲೋಡ್ ಏರುವ ವೇಗ ಇದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ. ಗ್ಲಾಸ್ ಫೈಬರ್ ಜೋರಾಗಿ ಎಳೆದಾಗ ಹೆಚ್ಚು ತಡೆಯುತ್ತದೆ. ಆದ್ದರಿಂದ ಐದರಲ್ಲಿ ಎರಡನ್ನಾದರೂ ಫಟೀಗ್ ವೇಗದಲ್ಲಿ ಎಳೆದು ನೋಡಿ.

ಹೆಜ್ಜೆ 4: ಲೋಡ್ ಲೆಕ್ಕ

ಶಕ್ತಿ 400 ಮೆಗಾಪಾಸ್ಕಲ್ ಬಂತು ಅಂದುಕೊಳ್ಳೋಣ. ಅಡ್ಡಕೊಯ್ತದ ವಿಸ್ತೀರ್ಣ 25 × 2.5, ಅಂದರೆ 62.5 ಚದರ ಮಿ.ಮೀ. ಮುರಿಯುವ ಲೋಡ್ 25 ಕಿಲೋನ್ಯೂಟನ್.

ಶೇ 50ರ ಮಟ್ಟಕ್ಕೆ ಗರಿಷ್ಠ ಲೋಡ್ 12.5 ಕಿಲೋನ್ಯೂಟನ್. ಕನಿಷ್ಠ ಲೋಡನ್ನು ಗರಿಷ್ಠದ ಹತ್ತನೇ ಒಂದು ಭಾಗಕ್ಕೆ ಇಡಿ, ಅದು 1.25. ಇದನ್ನು ಆರ್ ಅನುಪಾತ 0.1 ಅನ್ನುತ್ತಾರೆ. ಮಷಿನ್ ಕೇಳುವುದು ಸರಾಸರಿ ಮತ್ತು ಏರಿಳಿತ (ಸರಾಸರಿಯಿಂದ ಒಂದು ಕಡೆಗೆ ಎಷ್ಟು ಅಂತ): ಸರಾಸರಿ 6.875, ಏರಿಳಿತ 5.625. ಈ ಎರಡನ್ನೂ ಪೇಪರ್ ಮೇಲೆ ಬರೆದು, ಇನ್ನೊಬ್ಬರಿಂದ ಚೆಕ್ ಮಾಡಿಸಿ, ಆಮೇಲೆ ಮಷಿನ್‌ಗೆ ಹಾಕಿ.

ಯಾವ ಮಟ್ಟಗಳು? ಗ್ಲಾಸ್ ಲ್ಯಾಮಿನೇಟ್‌ಗೆ ಮ್ಯಾಂಡೆಲ್ ಅನ್ನುವ ಸಂಶೋಧಕರು ತೋರಿಸಿದ ಒಂದು ಒಳ್ಳೆಯ ಅಂದಾಜು ಇದೆ. ಸೈಕಲ್ ಹತ್ತು ಪಟ್ಟಾದಾಗಲೆಲ್ಲ ಶಕ್ತಿಯ ಸುಮಾರು ಶೇ 10 ಕಡಿಮೆಯಾಗುತ್ತದೆ. ಅಂದರೆ ಶೇ 70ಕ್ಕೆ ಸಾವಿರ ಸೈಕಲ್, 60ಕ್ಕೆ ಹತ್ತು ಸಾವಿರ, 50ಕ್ಕೆ ಲಕ್ಷ, 40ಕ್ಕೆ ಹತ್ತು ಲಕ್ಷ. ನಾಲ್ಕು ಮಟ್ಟ, ತಲಾ ಮೂರು ಸ್ಯಾಂಪಲ್. ನಿಮ್ಮ ಸ್ಯಾಂಪಲ್ ಈ ಅಂದಾಜನ್ನು ಪಾಲಿಸಲೇಬೇಕು ಅಂತೇನಿಲ್ಲ. ಯಾವ ಮಟ್ಟಕ್ಕೆ ಎಷ್ಟು ಹೊತ್ತು ಬೇಕು ಅಂತ ಮೊದಲೇ ಯೋಜಿಸಲು ಇದು ಸಾಕು.

ಹೊತ್ತಿನ ಲೆಕ್ಕವನ್ನೂ ಮಾಡಿ. ಸೆಕೆಂಡಿಗೆ 5 ಸೈಕಲ್‌ನಂತೆ ಲಕ್ಷ ಸೈಕಲ್‌ಗೆ ಐದೂವರೆ ಗಂಟೆ. ಹತ್ತು ಲಕ್ಷಕ್ಕೆ ಸುಮಾರು 56 ಗಂಟೆ. ಮೂರು ಸ್ಯಾಂಪಲ್‌ಗೆ ಒಂದು ವಾರ ಹಗಲೂ ರಾತ್ರಿ. ಹಾಗಾದರೆ 20 ಹರ್ಟ್ಜ್‌ಗೆ (ಸೆಕೆಂಡಿಗೆ 20 ಸೈಕಲ್) ಏರಿಸಿ ಬೇಗ ಮುಗಿಸಬಹುದು ಅಲ್ವಾ ಅಂತ ಎಲ್ಲರಿಗೂ ಅನಿಸುತ್ತದೆ. ಬೇಡ. ಗ್ಲಾಸ್ ಎಪಾಕ್ಸಿಯಲ್ಲಿ ಬಿಸಿ ಬೇಗ ಹೊರಗೆ ಹೋಗುವುದಿಲ್ಲ. ಒಳಗೇ ಉಳಿದು ರೆಸಿನ್ ಮೆತ್ತಗಾಗುತ್ತದೆ, ಆಯಸ್ಸು ಕಡಿಮೆ ಕಾಣುತ್ತದೆ. ಸ್ಯಾಂಪಲ್ ನಡುವೆ ಒಂದು ಥರ್ಮೋಕಪಲ್ ಅಂಟಿಸಿ. ಬಿಸಿ 5 ಡಿಗ್ರಿ ಏರಿದರೆ ನಾನು ಫ್ರೀಕ್ವೆನ್ಸಿ ಇಳಿಸುತ್ತೇನೆ. ಚಿಕ್ಕ ಫ್ಯಾನ್ ಇಟ್ಟರೂ ತುಂಬ ಸಹಾಯ.

ಹೆಜ್ಜೆ 5: ಮಷಿನ್ ಮೇಲೆ

ಕಾಲೇಜಿನ ಸಾದಾ ಯುಟಿಎಂ (ನಿಧಾನವಾಗಿ ಎಳೆದು ಮುರಿಯುವ ಯಂತ್ರ) ಇದಕ್ಕೆ ಆಗುವುದಿಲ್ಲ, ಲೋಡನ್ನು ಬೇಗ ಬೇಗ ಏರಿಸಿ ಇಳಿಸಬಲ್ಲ ಸರ್ವೋ ಹೈಡ್ರಾಲಿಕ್ ಮಷಿನ್ ಬೇಕು. ನಿಮ್ಮಲ್ಲಿ ಇಲ್ಲದಿದ್ದರೆ ಇರುವ ಲ್ಯಾಬ್‌ನಲ್ಲಿ ಸಮಯ ಕೇಳಿ. ಕೇಳುವಾಗ ಮೇಲಿನ ಗಂಟೆಗಳ ಲೆಕ್ಕ ಜೊತೆಗಿರಲಿ.

ಸ್ಯಾಂಪಲ್ ನೇರವಾಗಿ ಕೂರಬೇಕು. ಸ್ವಲ್ಪ ಓರೆಯಾದರೂ ಎಳೆತದ ಜೊತೆ ಬಾಗುವಿಕೆಯೂ ಸೇರುತ್ತದೆ. ಗ್ರಿಪ್ ಒತ್ತಡ ಕಡಿಮೆಯಾದರೆ ಜಾರುತ್ತದೆ, ಜಾಸ್ತಿಯಾದರೆ ಟ್ಯಾಬ್ ಜಜ್ಜುತ್ತದೆ. ಕೈಯಲ್ಲಿರಲಿ ಅಂದ ಎರಡು ಸ್ಯಾಂಪಲ್‌ನಲ್ಲಿ ಒಂದನ್ನು ಇದನ್ನು ಸರಿ ಮಾಡಿಕೊಳ್ಳಲು ಬಳಸಿ. ಸುತ್ತ ಪಾರದರ್ಶಕ ಶೀಲ್ಡ್ ಇರಲಿ, ಮುರಿಯುವಾಗ ಚೂರು ಹಾರುತ್ತವೆ.

ಕರೆಂಟ್ ಹೋದರೆ ಏನು ಅನ್ನುವುದನ್ನು ಮೊದಲೇ ತೀರ್ಮಾನಿಸಿ. ಒಂದು ಲ್ಯಾಬ್‌ನಲ್ಲಿ ನನ್ನ ಎರಡು ದಿನದ ಸ್ಯಾಂಪಲ್ ರಾತ್ರಿ ಕರೆಂಟ್ ಹೋಗಿ ಬಂದಾಗ ಅಮುಕಿಸಿಕೊಂಡು ಬಾಗಿ ಹೋಗಿತ್ತು. ಲಿಮಿಟ್ ಸೆಟ್ ಮಾಡಿರಲಿಲ್ಲ. ಅಂದಿನಿಂದ ಲೋಡ್ ಮತ್ತು ಸರಿತ (ಗ್ರಿಪ್ ಸರಿಯುವ ದೂರ) ಎರಡಕ್ಕೂ ಮಿತಿ ಹಾಕದೆ ನಾನು ಸ್ಟಾರ್ಟ್ ಬಟನ್ ಒತ್ತುವುದಿಲ್ಲ.

ಹೆಜ್ಜೆ 6: ನಿಲ್ಲಿಸಿ ನೋಡುವುದು

ಇಡೀ ಕೆಲಸದಲ್ಲಿ ನನಗೆ ಅತ್ಯಂತ ಪ್ರೀತಿಯ ಭಾಗ ಇದು. ದುಬಾರಿ ಸಾಧನ ಏನೂ ಬೇಡ.

ಮೂರು ಸ್ಯಾಂಪಲ್ ಬೇರೆ ಇಟ್ಟಿದ್ದೆವಲ್ಲ, ಅವನ್ನು ಶೇ 50ರ ಮಟ್ಟದಲ್ಲಿ ಓಡಿಸಿ. 1, 10, 100, 1000, 10,000 ಸೈಕಲ್‌ಗೆ, ಆಮೇಲೆ ಹತ್ತು ಸಾವಿರಕ್ಕೊಮ್ಮೆ ನಿಲ್ಲಿಸಿ. ಸ್ಯಾಂಪಲ್ ಗ್ರಿಪ್‌ನಲ್ಲೇ ಇರಲಿ. ಹಿಂದೆ ಬಿಳಿ ಎಲ್‌ಇಡಿ ಪ್ಯಾನೆಲ್, ಮುಂದೆ ಕ್ಯಾಮೆರಾ, ಪ್ರತಿ ಸಲ ಅದೇ ದೂರ, ಅದೇ ಎಕ್ಸ್‌ಪೋಶರ್. ಲೋಡ್ ಪೂರ್ತಿ ಇಳಿಸಬೇಡಿ. ಇಳಿಸಿದರೆ ಬಿರುಕುಗಳು ಮುಚ್ಚಿಕೊಂಡು ಕಾಣದಂತಾಗುತ್ತವೆ. ಸರಾಸರಿ ಲೋಡ್‌ನಲ್ಲಿ ಹಿಡಿದು ಫೋಟೋ ತೆಗೆಯಿರಿ.

ನೀವು ನೋಡುವುದು ಹೀಗಿರುತ್ತದೆ. ಮೊದಲ ಸೈಕಲ್ಲಿನ ನಂತರವೇ ಅಡ್ಡಕ್ಕೆ ತೆಳು ಗೆರೆಗಳು, ಅಂಚಿನಿಂದ ಅಂಚಿಗೆ. ನಾವು ಹಾಕಿದ 200 ಮೆಗಾಪಾಸ್ಕಲ್, ಬಿರಿಯಲು ಬೇಕಾದ 96ರ ಎರಡು ಪಟ್ಟು ಇದೆಯಲ್ಲ. ನೂರು, ಸಾವಿರ ಆಗುವಷ್ಟರಲ್ಲಿ ಗೆರೆಗಳು ದಟ್ಟವಾಗುತ್ತವೆ. ನಡುವಿನ 50 ಮಿ.ಮೀ.ನಲ್ಲಿ ಎಷ್ಟು ಅಂತ ಎಣಿಸಿ, ಸೆಂಟಿಮೀಟರ್‌ಗೆ ಎಷ್ಟು ಅಂತ ಬರೆಯಿರಿ. ಹೊಸ ಗೆರೆ ಬರುವುದು ಕ್ರಮೇಣ ನಿಲ್ಲುತ್ತದೆ. ಅಲ್ಲಿಂದ ಮುಂದೆ ಕಣ್ಣು ಅಂಚಿನ ಕಡೆ ಇರಲಿ. ಹಾಲಿನ ಬಿಳುಪಿನ ಮಚ್ಚೆಗಳು ಅಂಚಿನಿಂದ ಒಳಗೆ ಹರಡುತ್ತವೆ. ಪದರ ಬಿಟ್ಟ ಜಾಗ ಅದು. ಕೊನೆಗೆ ಎಳೆತದ ದಿಕ್ಕಿನಲ್ಲೇ ಉದ್ದುದ್ದ ಸೀಳುಗಳು ಕಾಣುತ್ತವೆ. ಆಗ 0 ಡಿಗ್ರಿ ಪದರವೂ ಬಿಡುತ್ತಿದೆ, ಇನ್ನು ಹೆಚ್ಚು ಹೊತ್ತಿಲ್ಲ.

ನಿಲ್ಲಿಸಿದಾಗಲೆಲ್ಲ ಸ್ಟಿಫ್‌ನೆಸ್ ಕೂಡ ಅಳೆಯಿರಿ. ನಿಧಾನವಾಗಿ ಸಣ್ಣ ಲೋಡ್‌ವರೆಗೆ ಏರಿಸಿ, ಸ್ಯಾಂಪಲ್ ಮೇಲೇ ಕೂತು ಹಿಗ್ಗುವಿಕೆ ಅಳೆಯುವ ಎಕ್ಸ್‌ಟೆನ್ಸೋಮೀಟರ್‌ನಿಂದ ಸ್ಟ್ರೈನ್ ತೆಗೆದುಕೊಳ್ಳಿ. ಮಷಿನ್ನಿನ ಸರಿತದ ಅಂಕಿ ನಂಬಬೇಡಿ. ಅದರಲ್ಲಿ ಗ್ರಿಪ್ ಜಾರಿದ್ದು, ಟ್ಯಾಬ್ ಅಂಟು ಮೆತ್ತಗಾದದ್ದು ಎಲ್ಲ ಸೇರಿರುತ್ತದೆ. ಎಕ್ಸ್‌ಟೆನ್ಸೋಮೀಟರ್‌ನ ಚೂಪು ಅಂಚು ಸ್ಯಾಂಪಲ್ ಕೊಯ್ಯದಂತೆ ಸಣ್ಣ ಮೆತ್ತೆ ಅಂಟಿಸಿ.

ಈಗ ಒಂದು ಮುಖ್ಯ ಲೆಕ್ಕ. 90 ಡಿಗ್ರಿ ಪದರಗಳು ಏನೂ ಹೊರುತ್ತಿಲ್ಲ ಅಂದುಕೊಂಡರೂ 0 ಡಿಗ್ರಿ ಪದರಗಳಿಂದ 19 ಗಿಗಾಪಾಸ್ಕಲ್ ಉಳಿಯುತ್ತದೆ. 24ರಿಂದ 19, ಅಂದರೆ ಅಡ್ಡ ಬಿರುಕುಗಳಿಂದ ಹೆಚ್ಚೆಂದರೆ ಶೇ 21 ಇಳಿಯಬಹುದು. ಅದಕ್ಕಿಂತ ಜಾಸ್ತಿ ಇಳಿದರೆ ಫೈಬರ್‌ಗಳೇ ಹೋಗುತ್ತಿವೆ. ಕಾರ್ಬನ್‌ಗೆ ಇದೇ ಲೆಕ್ಕ ಹಾಕಿ: ಉದ್ದಕ್ಕೆ 140, ಅಡ್ಡಕ್ಕೆ 9, ಒಟ್ಟು 74.5. ಅಡ್ಡ ಪದರ ಪೂರ್ತಿ ಕಳೆದರೂ 70 ಉಳಿಯುತ್ತದೆ. ಇಳಿಕೆ ಬರೀ ಶೇ 6! ಬೆಂಗಳೂರಿನಲ್ಲಿ ರೂಪುಗೊಂಡ ತೇಜಸ್ ವಿಮಾನದ ರೆಕ್ಕೆಯಲ್ಲಿ ಕಾರ್ಬನ್ ಫೈಬರ್ ಇದೆ. ಅಂಥ ಲ್ಯಾಮಿನೇಟ್‌ನಲ್ಲಿ ಸ್ಟಿಫ್‌ನೆಸ್ ಇಳಿಯಲಿಲ್ಲ ಅಂತ ಒಳಗೆ ಬಿರುಕಿಲ್ಲ ಅನ್ನುವಂತಿಲ್ಲ, ಬೆಳಕೂ ಹಾಯುವುದಿಲ್ಲ. ಅಲ್ಟ್ರಾಸೌಂಡ್ ಸಿ-ಸ್ಕ್ಯಾನ್, ಡೈ ಹಾಕಿದ ಎಕ್ಸ್‌ರೇ, ಅಕೌಸ್ಟಿಕ್ ಎಮಿಷನ್ (ಬಿರಿಯುವಾಗಿನ ಸದ್ದು ಹಿಡಿಯುವುದು) ಬೇಕಾಗುವುದು ಇದಕ್ಕೇ.

ಹೆಜ್ಜೆ 7: ಗ್ರಾಫ್

ಅಡ್ಡಕ್ಕೆ ಸೈಕಲ್, ಲಾಗ್ ಸ್ಕೇಲ್‌ನಲ್ಲಿ. ಮೇಲಕ್ಕೆ ಗರಿಷ್ಠ ಸ್ಟ್ರೆಸ್. ಗೆರೆ ಹೊಂದಿಸುವಾಗ ತುಂಬ ಜನ ಎಕ್ಸೆಲ್‌ನ ಟ್ರೆಂಡ್‌ಲೈನ್ ಒತ್ತಿಬಿಡುತ್ತಾರೆ. ಎಕ್ಸೆಲ್ ಸ್ಟ್ರೆಸ್ಸನ್ನು ಫಲಿತಾಂಶ ಅಂದುಕೊಳ್ಳುತ್ತದೆ. ಆದರೆ ಸ್ಟ್ರೆಸ್ ನೀವೇ ಆರಿಸಿದ್ದು, ಫಲಿತಾಂಶ ಸೈಕಲ್. ಸೈಕಲ್ಲಿನ ಲಾಗ್ ಅನ್ನು ಫಲಿತಾಂಶವಾಗಿ ಇಟ್ಟು ಲೆಕ್ಕ ಮಾಡಿ. ಎಎಸ್‌ಟಿಎಂ ಇ739 ಹೇಳುವುದೂ ಅದನ್ನೇ. ಮುರಿಯದೆ ನಿಲ್ಲಿಸಿದ ಸ್ಯಾಂಪಲ್‌ಗೆ ಬಾಣದ ಗುರುತು ಹಾಕಿ, ಲೆಕ್ಕದಲ್ಲಿ ಸೇರಿಸಬೇಡಿ.

ಒಂದೇ ಮಟ್ಟದ ಮೂರು ಸ್ಯಾಂಪಲ್ ಹತ್ತು ಪಟ್ಟು ವ್ಯತ್ಯಾಸದಲ್ಲಿ ಮುರಿದರೆ ಗಾಬರಿ ಬೇಡ, ಫಟೀಗ್‌ನಲ್ಲಿ ಅದು ಮಾಮೂಲು. ಗೆರೆಗೆ ಹೊಂದಲಿಲ್ಲ ಅಂತ ಯಾವ ಬಿಂದುವನ್ನೂ ಅಳಿಸಬೇಡಿ. ಟ್ಯಾಬ್‌ನಲ್ಲಿ ಮುರಿದದ್ದು ಮಾತ್ರ ಕಾರಣ ಬರೆದು ಬೇರೆ ಇಡಿ.

ಈ ಗೆರೆ ಎಲ್ಲಿ ನಡೆಯುತ್ತದೆ, ಎಲ್ಲಿ ನಡೆಯುವುದಿಲ್ಲ ಅನ್ನುವುದನ್ನೂ ವರದಿಯಲ್ಲಿ ಹೇಳಿ. ಇದು ಎಳೆತ–ಎಳೆತಕ್ಕೆ ಮಾತ್ರ. ಗಾಳಿಯಂತ್ರದ ರೆಕ್ಕೆಯಂತೆ ಎಳೆತವೂ ಅಮುಕುವಿಕೆಯೂ ಸರದಿಯಲ್ಲಿ ಬಂದರೆ ಬಿಟ್ಟ ಪದರ ಹೊರಗೆ ಉಬ್ಬುತ್ತದೆ, ಆಯಸ್ಸು ಬೇಗ ಮುಗಿಯುತ್ತದೆ. ಅದಕ್ಕೆ ಬೇರೆ ಟೆಸ್ಟ್, ಬಾಗದಂತೆ ಹಿಡಿಯುವ ಗೈಡ್ ಬೇಕು. ದೊಡ್ಡ ಚಿಕ್ಕ ಲೋಡ್ ಬೆರೆತರೆ ಮೈನರ್ ಅನ್ನುವವರು 1945ರಲ್ಲಿ ಕೊಟ್ಟ ಕೂಡಿಸುವ ನಿಯಮವನ್ನು (ಒಂದೊಂದು ಲೋಡ್ ತಿಂದ ಆಯಸ್ಸಿನ ಪಾಲನ್ನು ಕೂಡುವುದು) ಎಲ್ಲರೂ ಬಳಸುತ್ತಾರೆ. ಯಾವ ಲೋಡ್ ಮೊದಲು ಬಂತು ಅನ್ನುವುದು ಕಾಂಪೋಸಿಟ್‌ಗೆ ಮುಖ್ಯ, ಆ ನಿಯಮಕ್ಕೆ ಅದು ಗೊತ್ತಾಗುವುದಿಲ್ಲ. ಅಂದಾಜಿಗೆ ಸರಿ, ಭರವಸೆಗೆ ಸಾಲದು.

ಹೆಜ್ಜೆ 8: ಮುರಿದ ಮೇಲೆ

ಎರಡೂ ತುಂಡು ಜೋಡಿಸಿಟ್ಟು ಫೋಟೋ ತೆಗೆಯಿರಿ. ಪೊರಕೆಯಂತೆ ಫೈಬರ್ ಬಿಚ್ಚಿಕೊಂಡಿದ್ದರೆ ಸೀಳು ಮತ್ತು ಪದರ ಬಿಡುವಿಕೆ ಜಾಸ್ತಿ ಆಗಿದೆ. ಕತ್ತರಿಸಿದಂತೆ ನೇರವಾಗಿ ಮುರಿದಿದ್ದರೆ ಫೈಬರ್‌ಗಳು ಹೆಚ್ಚುಕಮ್ಮಿ ಒಟ್ಟಿಗೆ ಹೋಗಿವೆ. ಶೇ 70ರ ಸ್ಯಾಂಪಲ್ಲನ್ನೂ ಶೇ 40ರ ಸ್ಯಾಂಪಲ್ಲನ್ನೂ ಅಕ್ಕಪಕ್ಕ ಇಟ್ಟು ನೋಡಿ. ನಿಧಾನವಾಗಿ ದಣಿದದ್ದರಲ್ಲಿ ಬಿಳುಪು ಎಷ್ಟು ಅಗಲ ಹರಡಿದೆ ಅಂತ ಅಳೆದು ಬರೆಯಿರಿ.

ತುಂಡುಗಳನ್ನು ಎಸೆಯಬೇಡಿ. ಒಂದೊಂದನ್ನೂ ಜಿಪ್ ಕವರ್‌ಗೆ ಹಾಕಿ ಸ್ಯಾಂಪಲ್ ನಂಬರ್, ಪ್ಲೇಟ್ ನಂಬರ್, ಲೋಡ್, ಸೈಕಲ್, ಮುರಿದ ಜಾಗ, ದಿನಾಂಕ ಬರೆದಿಡಿ. ಮೈಕ್ರೋಸ್ಕೋಪ್ ಆರು ತಿಂಗಳ ನಂತರ ಸಿಗಬಹುದು. ಆಗ ನೋಡಲು ಮುರಿದ ಮುಖ ಉಜ್ಜಿಕೊಳ್ಳದೆ ಉಳಿದಿರಬೇಕು, ಅದಕ್ಕೇ ಎರಡು ತುಂಡಿಗೆ ಎರಡು ಕವರ್.